ಮಾನಿಟರಿಂಗ್‌ಗೆ ಬಿಡಿ ಟೂಲ್‌ಗಳೋ, ಎಲ್ಲವೂ ಇರುವ ಒಂದೇ ಟೂಲೋ?

ಪ್ರೊಮಿಥಿಯಸ್ (ಮೆಟ್ರಿಕ್ಸ್‌ಗೆ, ಅಂದರೆ ಅಳತೆಯ ಅಂಕಿಗಳಿಗೆ), ಲೋಕಿ (ಲಾಗ್‌ಗಳಿಗೆ), ಟೆಂಪೋ (ಟ್ರೇಸ್‌ಗಳಿಗೆ, ಅಂದರೆ ಒಂದು ರಿಕ್ವೆಸ್ಟ್ ಸಾಗಿದ ದಾರಿಯ ದಾಖಲೆಗೆ) ಇವನ್ನು ನಾವೇ ಜೋಡಿಸಿಕೊಳ್ಳುವುದೋ, ಮೂರನ್ನೂ ಒಟ್ಟಿಗೆ ಕೊಡುವ ಡೇಟಾಡಾಗ್‌ನಂಥ ಸೇವೆ ಕೊಳ್ಳುವುದೋ ಎಂಬ ಪ್ರಶ್ನೆ ಬಂದಾಗ ನಾನು ಮೊದಲು ನೋಡುವುದು ಸೀರೀಸ್ ಲೆಕ್ಕ (ಒಂದು ಸೀರೀಸ್ ಎಂದರೆ ಕಾಲಕ್ರಮದಲ್ಲಿ ದಾಖಲಾಗುತ್ತ ಹೋಗುವ ಒಂದು ಅಳತೆ). ಸರ್ವರ್‌ಗೆ 1,000 ಸೀರೀಸ್, 10 ಸರ್ವರ್, 15 ಸೆಕೆಂಡಿಗೊಮ್ಮೆ ಸ್ಕ್ರೇಪ್ (ಅಂಕಿಗಳ ಸಂಗ್ರಹ) ಎಂದರೆ ಸೆಕೆಂಡಿಗೆ ಸುಮಾರು 667 ಸ್ಯಾಂಪಲ್, ಅಂದರೆ ಅಷ್ಟು ಅಂಕಿ. ಪ್ರೊಮಿಥಿಯಸ್‌ಗೆ ಒಂದು ಸ್ಯಾಂಪಲ್‌ಗೆ 1–2 ಬೈಟ್ ಸಾಕು. ಅದು ಡೀಫಾಲ್ಟ್ ಆಗಿ ಡೇಟಾ ಉಳಿಸಿಕೊಳ್ಳುವ 15 ದಿನಕ್ಕೆ 2 ಜಿಬಿಯೂ ಆಗದು. ಬರೀ ಮೆಟ್ರಿಕ್ಸ್‌ಗಾಗಿ ದುಡ್ಡು ಸುರಿಯಬೇಕಿಲ್ಲ.

ಕೈಕೊಡುವುದು ಲೇಬಲ್‌ಗಳು, ಅಂದರೆ ಮೆಟ್ರಿಕ್‌ಗೆ ಅಂಟಿಸುವ ಗುರುತುಗಳು; ಅವುಗಳ ಪ್ರತಿ ಜೋಡಣೆಯೂ ಬೇರೆ ಸೀರೀಸ್. 5 ಮೆಥಡ್, 40 ಪಾತ್, 6 ಸ್ಟೇಟಸ್, 10 ಪಾಡ್ (ಓಡುತ್ತಿರುವ ಆ್ಯಪ್‌ನ ಪ್ರತಿಗಳು) ಗುಣಿಸಿದರೆ 12,000 ಸೀರೀಸ್. ಅದೇ ಹಿಸ್ಟೋಗ್ರಾಮ್ (ಅಳತೆಗಳನ್ನು ಗಾತ್ರದ ಪ್ರಕಾರ ಹಂಚಿ ಎಣಿಸುವ ಮೆಟ್ರಿಕ್) ಆಗಿ, ಒಂದೊಂದಕ್ಕೂ 12 ಸೀರೀಸ್ ಬಂದರೆ 1,44,000. ಇದರ ಮೇಲೆ ಯಾರಾದರೂ ಯೂಸರ್ ಐಡಿಯನ್ನು ಲೇಬಲ್ ಮಾಡಿದರೆ ರ‍್ಯಾಮ್ ಮುಗಿದು ಪ್ರೊಮಿಥಿಯಸ್ ಬೀಳುತ್ತದೆ. ಮತ್ತೆ ಏಳುವಾಗ ಅದೇ ಡೇಟಾವನ್ನು ಡಿಸ್ಕ್‌ನಿಂದ ಓದಿಕೊಂಡು ಮತ್ತೆ ಬೀಳುತ್ತದೆ. ಹಣ ಕೊಟ್ಟ ಸೇವೆಯಲ್ಲಿ ಏನೂ ಬೀಳುವುದಿಲ್ಲ, ತಿಂಗಳ ಕೊನೆಗೆ ಬಿಲ್ ಏರಿರುತ್ತದೆ. ಪ್ರೊಮಿಥಿಯಸ್‌ನಲ್ಲಿ ಸ್ಕ್ರೇಪ್ ಜಾಬ್‌ಗೆ ಸ್ಯಾಂಪಲ್ ಲಿಮಿಟ್ ಹಾಕಿಡಿ. ಮಿತಿ ದಾಟಿದರೆ ಆ ಟಾರ್ಗೆಟ್‌ನ ಇಡೀ ಸ್ಕ್ರೇಪ್ ವಿಫಲವಾಗುತ್ತದೆ, ಹಾಗಾಗಿ ಅದಕ್ಕೊಂದು ಅಲರ್ಟ್ ಬೇಕೇ ಬೇಕು.

ಒಂದೇ ಟೂಲ್ ನಿಜವಾಗಿ ಗೆಲ್ಲುವುದು ಅಲರ್ಟ್‌ನಿಂದ ಟ್ರೇಸ್‌ಗೆ, ಅಲ್ಲಿಂದ ಲಾಗ್‌ಗೆ ಒಂದೊಂದೇ ಕ್ಲಿಕ್‌ನಲ್ಲಿ ಹೋಗುವಾಗ. ಬಿಡಿ ಟೂಲ್‌ಗಳಲ್ಲಿ ಇದನ್ನು ನಾವೇ ಕಟ್ಟಬೇಕು: ಪ್ರತಿ ಲಾಗ್ ಸಾಲಿನೊಳಗೆ ಟ್ರೇಸ್ ಐಡಿ ಇರಬೇಕು (ಲೋಕಿಯಲ್ಲಿ ಅದನ್ನು ಲೇಬಲ್ ಮಾಡಬೇಡಿ), ಸರ್ವಿಸ್ ಹೆಸರು ಮೂರೂ ಕಡೆ ಅಕ್ಷರಶಃ ಒಂದೇ ಇರಬೇಕು. ಮೆಟ್ರಿಕ್‌ನಲ್ಲಿ 'ಪೇಮೆಂಟ್', ಲಾಗ್‌ನಲ್ಲಿ 'ಪೇಮೆಂಟ್-ಎಪಿಐ' ಎಂದಿದ್ದರೆ ಕೊಂಡಿ ಅಲ್ಲೇ ಕಡಿಯಿತು. ಈ ಶಿಸ್ತು ಕಾಯುವ, ಅಪ್‌ಗ್ರೇಡ್ ನೋಡಿಕೊಳ್ಳುವ ಒಬ್ಬರು ತಂಡದಲ್ಲಿ ಇಲ್ಲವೆಂದರೆ ಎಲ್ಲವೂ ಇರುವ ಟೂಲೇ ಸರಿ.

ಯಾವುದನ್ನೇ ಆರಿಸಿದರೂ ಕೋಡ್‌ನಲ್ಲಿ ಯಾವ ಟೂಲ್‌ಗೂ ಕಟ್ಟುಬೀಳದ ಓಪನ್‌ಟೆಲಿಮೆಟ್ರಿಯನ್ನೇ ಬಳಸಿ, ಡೇಟಾ ಪಡೆದು ಮುಂದೆ ಸಾಗಿಸುವ ಅದರ ಕಲೆಕ್ಟರ್‌ನ 4317 ಪೋರ್ಟ್‌ಗೆ ಕಳಿಸಿ. ನಾಳೆ ಟೂಲ್ ಬದಲಾದರೆ ಕಲೆಕ್ಟರ್‌ನಲ್ಲಿ ಎಕ್ಸ್‌ಪೋರ್ಟರ್ (ಟೂಲ್‌ಗೆ ಡೇಟಾ ಕಳಿಸುವ ಭಾಗ) ಬದಲಿಸಿದರಾಯಿತು. ಡ್ಯಾಶ್‌ಬೋರ್ಡ್, ಅಲರ್ಟ್ ರೂಲ್‌ಗಳು ಮಾತ್ರ ಜೊತೆಗೆ ಬರುವುದಿಲ್ಲ. ಅವನ್ನು ಹೊಸದಾಗಿ ಬರೆಯುವ ಶ್ರಮವನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಬಿಡಿ ಟೂಲ್‌ಗಳ ದಾರಿ ಹಿಡಿದರೆ ಮಾನಿಟರಿಂಗೇ ಸತ್ತಾಗ ತಿಳಿಸಲು ಹೊರಗೊಂದು ಕಣ್ಣು ಬೇಕು. ಸದಾ ಫೈರ್ ಆಗುತ್ತಲೇ ಇರುವ ಒಂದು ಅಲರ್ಟ್ ಬರೆದು ಹೊರಗಿನ ಸೇವೆಗೆ ಕಳಿಸುತ್ತಿರಿ; ಅದು ನಿಂತೊಡನೆ ಆ ಸೇವೆ ನಿಮಗೆ ಫೋನ್ ಮಾಡಬೇಕು. ಪ್ರೊಮಿಥಿಯಸ್‌ನ ಅಲರ್ಟ್‌ಗಳನ್ನು ಕಳಿಸುವ ಅಲರ್ಟ್‌ಮ್ಯಾನೇಜರ್‌ನಲ್ಲಿ ರಿಪೀಟ್ ಇಂಟರ್ವಲ್ (ಅದೇ ಅಲರ್ಟ್ ಮತ್ತೆ ಕಳಿಸುವ ಅಂತರ) ಡೀಫಾಲ್ಟ್ ಆಗಿ 4 ಗಂಟೆ, ಗ್ರೂಪ್ ಇಂಟರ್ವಲ್ (ಅಲರ್ಟ್‌ಗಳ ಗುಂಪನ್ನು ಮತ್ತೆ ನೋಡುವ ಅಂತರ) 5 ನಿಮಿಷ. ಈ ಅಲರ್ಟ್‌ನ ರೂಟ್‌ಗೆ ಎರಡನ್ನೂ 1 ನಿಮಿಷಕ್ಕೆ ಇಳಿಸಿ. ರಿಪೀಟ್ ಒಂದನ್ನೇ ಇಳಿಸಿದರೆ ಅಲರ್ಟ್ 5 ನಿಮಿಷಕ್ಕೊಮ್ಮೆಯೇ ಹೋಗುತ್ತದೆ.