ಎರೆ ಮಣ್ಣು, ಕ್ಲಚ್ ವೈರು ಮತ್ತು ಬೀದರ್ ದಾರಿ

ಮಳೆಗಾಲದಲ್ಲಿ ಕಲಬುರಗಿಯಿಂದ ಬೀದರ್‌ಗೆ ಬೈಕಿನಲ್ಲಿ ಹೋಗ್ತೀವಿ ಅಂತ ಯಾರಾದರೂ ಸಲಹೆ ಕೇಳಿದರೆ, ನಾನು ಮೊದಲು ಮಣ್ಣಿನ ವಿಷಯ ತೆಗೆಯುತ್ತೇನೆ. ದೂರ ಜಾಸ್ತಿ ಏನಿಲ್ಲ. ಕಮಲಾಪುರ, ಹುಮನಾಬಾದ್ ಮೇಲೆ ಹೋದರೆ ಸುಮಾರು 110 ಕಿ.ಮೀ. ಡಾಂಬರು ಬಿಡದಿದ್ದರೆ ಬೆಳಿಗ್ಗೆ ಹೊರಟು ಊಟಕ್ಕೆ ಬೀದರ್ ಸೇರಬಹುದು. ಡಾಂಬರು ಬಿಟ್ಟು ಇಳಿದರೆ ಮಾತ್ರ ಕಥೆ ಬೇರೆ. ಹಸಿ ಎರೆ ಮಣ್ಣು ಏನು ಮಾಡುತ್ತದೆ ಅನ್ನೋದು ರೈತರಿಗೆ ಗೊತ್ತು. ಮೊಬೈಲಿನ ನಕ್ಷೆಗೆ ಗೊತ್ತಿಲ್ಲ.

ನನ್ನ ದೋಸ್ತನದು ಬೀಜ, ಗೊಬ್ಬರದ ಅಂಗಡಿ. ಸುಮ್ನೆ ತಿರುಗಾಟಕ್ಕೆ ಹೊರಟರೂ ಅವನ ಚೀಲದಲ್ಲಿ ಯಾವನೋ ಗಿರಾಕಿಯ ಸಾಮಾನು ಇದ್ದೇ ಇರುತ್ತದೆ. ಈ ಸಲ ಸ್ಪ್ರೇ ಪಂಪಿನ ನಾಜಲ್ಲು. "ಕಮಲಾಪುರದ ಈಚಿಗಿ ಒಂದ್ ಹೊಲ ಅದ. ಕೊಟ್ಟು ಹೋಗಾಮ, ಐದು ನಿಮಿಷದ ಕೆಲಸ" ಎಂದ. ನಕ್ಷೆ ತೋರಿಸಿದ ದಾರಿ ಹಿಡಿದೆವು. ಅದು ಬಂಡಿ ದಾರಿ. ಹಿಂದಿನ ರಾತ್ರಿ ಮಳೆಯಾಗಿತ್ತು, ಮೇಲೆ ಮಾತ್ರ ಒಣಗಿದ ಹಾಗೆ ಕಾಣುತ್ತಿತ್ತು.

ಸ್ವಲ್ಪ ದೂರ ಚೆನ್ನಾಗಿಯೇ ಹೋದೆವು. ಆಮೇಲೆ ಹ್ಯಾಂಡಲ್ ಭಾರವಾಯಿತು. ಟೈರಿಗೆ ಪದರದ ಮೇಲೆ ಪದರ ಮಣ್ಣು ಹತ್ತಿ, ಹುಲ್ಲು ಕಡ್ಡಿ ಎಲ್ಲ ಸೇರಿಕೊಂಡು, ಮುಂದಿನ ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ಕೂತಿತು. ಗಾಲಿ ತಿರುಗುವುದೇ ನಿಂತಿತು. ಕೆಳಗಿಳಿದು ನೂಕಿದರೆ ಬೈಕು ಜಾರುತ್ತದೆಯೇ ಹೊರತು ಉರುಳುವುದಿಲ್ಲ. ನಮ್ಮ ಚಪ್ಪಲಿಯೂ ಒಂದೊಂದು ಹೆಜ್ಜೆಗೆ ಒಂದೊಂದು ಕೆ.ಜಿ. ಏರುತ್ತಿತ್ತು.

ದೋಸ್ತ ಬಾಟ್ಲಿ ನೀರು ಸುರಿಯಲು ಹೋದ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಕಾಕಾ ಒಬ್ಬರು ದೂರದಿಂದಲೇ ಕೂಗಿದರು: "ನೀರ್ ಹಾಕಬ್ಯಾಡ್ರೀ ತಮ್ಮಾ, ಇನ್ನಾ ಹಿಡಿತದ! ಕಟಗಿ ತಗೊಂಡ್ ಕೆರೀರಿ."

ಅವರು ಹೇಳಿದ್ದು ಸರಿ. ಎರೆ ಮಣ್ಣಿನಲ್ಲಿ ಜೇಡಿ ಜಾಸ್ತಿ. ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆಳದಲ್ಲಿ ತೇವ ಹಿಡಿದಿಟ್ಟುಕೊಳ್ಳುವ ಈ ಗುಣದಿಂದಲೇ ಮಳೆ ನಿಂತ ಮೇಲೂ ತೊಗರಿ ಹಸಿರಾಗಿ ನಿಲ್ಲುತ್ತದೆ, ಕಲಬುರಗಿ ತೊಗರಿಬೇಳೆಗೆ ಹೆಸರು ಬಂದದ್ದರಲ್ಲಿ ಅದರದ್ದೂ ಪಾಲಿದೆ. ಗಾಲಿಗೆ ಮಾತ್ರ ಅದೇ ಗುಣ ಶತ್ರು.

ಜಾಲಿ ಕಡ್ಡಿಯಿಂದ ಕೆರೆದೆವು. ಮೇಲಿನದು ಬಂತು, ಮಡ್‌ಗಾರ್ಡಿನ ಒಳಗಿನದು ಬರಲಿಲ್ಲ. ಕೊನೆಗೆ ಪಾನಾ ತೆಗೆದು ಬೋಲ್ಟು ಬಿಚ್ಚಿ ಮಡ್‌ಗಾರ್ಡನ್ನೇ ಕಳಚಿದೆ, ಹಿಂದೆ ಹಗ್ಗದಿಂದ ಕಟ್ಟಿದೆ. ನನ್ನ ಪ್ರಕಾರ ಇಂಥ ಕಡೆ ಅರ್ಧ ತಾಸು ಕೆರೆಯುವುದಕ್ಕಿಂತ ಮೊದಲೇ ಕಳಚುವುದು ಲೇಸು. ವಾಪಸ್ ಹೋಗುವಾಗ ಕಾಕಾ ದಾರಿ ಬಿಡಿಸಿ ಬದುವಿನ ಮೇಲೆ ಹತ್ತಿಸಿದರು. ಬದುವಿನಲ್ಲಿ ಹುಲ್ಲಿದ್ದರೆ ಮಣ್ಣು ಹತ್ತುವುದು ಕಡಿಮೆ. ಬೈಕಿನ ಮೇಲೆ ಕೂರದೆ, ಒಂದನೇ ಗೇರಿನಲ್ಲಿ ಇಟ್ಟು ಪಕ್ಕದಲ್ಲಿ ನಡೆಯುತ್ತಾ ಡಾಂಬರಿಗೆ ತಂದೆವು. ನಾಜಲ್ಲನ್ನು ಕಾಕಾನೇ ಇಸ್ಕೊಂಡರು, ಅವರದು ಬಾಜೂ ಹೊಲವಂತೆ. ಸಂಜೆ ಗಿರಾಕಿಯ ಫೋನ್ ಬಂತು: ನಾಜಲ್ಲಿನ ಸೈಜೇ ಬೇರೆ!

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡೆವು. ಊರಿಗೇ ಹೆಸರು ತಂದ ಹಣ್ಣು, ಜಿಐ ಟ್ಯಾಗ್ ಕೂಡ ಇದೆ. ಬೆಲೆ ಸ್ವಲ್ಪ ಬಿಗಿ. ಬೈಕಿನವರು ತಿನ್ನುವಷ್ಟೇ ಕೊಳ್ಳಿ. ಉಳಿದದ್ದು ಸೈಡ್ ಬ್ಯಾಗಿನಲ್ಲಿ ರೇನ್‌ಕೋಟಿನ ಜೊತೆ ಏನಾಯಿತು ಅಂತ ಬರೆಯುವುದು ಬೇಡ.

ಹುಮನಾಬಾದ್ ಇನ್ನೂ ಸ್ವಲ್ಪ ದೂರ ಇರುವಾಗ ಕ್ಲಚ್ ವೈರು ಕಡಿಯಿತು. ಲಿವರ್ ಸಡಿಲಾಗಿ ಹ್ಯಾಂಡಲಿಗೆ ಬಡಿಯಿತು, ಅಷ್ಟೇ. ವೈರಿಲ್ಲದೆಯೂ ಬೈಕು ಓಡುತ್ತದೆ. ಓಟದಲ್ಲಿದ್ದರೆ ಆಕ್ಸಿಲೇಟರ್ ಒಂದು ಕ್ಷಣ ಸಡಿಲಿಸಿ ಆಗಲೇ ಗೇರು ಒತ್ತಿದರೆ ಬೀಳುತ್ತದೆ. ನಿಲ್ಲಿಸುವ ಮೊದಲು ನ್ಯೂಟ್ರಲ್ಲಿಗೆ ತರಬೇಕು, ಇಲ್ಲದಿದ್ದರೆ ಜಗ್ಗಿ ಬಂದ್ ಬೀಳುತ್ತದೆ. ಮತ್ತೆ ಹೊರಡಬೇಕಾದರೆ ನ್ಯೂಟ್ರಲ್ಲಿನಲ್ಲಿ ಇಂಜಿನ್ ಚಾಲೂ ಮಾಡಿ, ಹಿಂದಿನವನು ನೂಕಿ, ಬೈಕು ಉರುಳತೊಡಗಿದ ಮೇಲೆ ಒಂದನೇ ಗೇರು. ಆಮೇಲೆ ಹಿಂದಿನವನು ಓಡಿಬಂದು ಹತ್ತಬೇಕು! ದೋಸ್ತನಿಗೆ ಇದು ಬಹಳ ಸೇರಲಿಲ್ಲ. "ಲೇ, ನಾ ಏನ್ ಬಸ್ ಕ್ಲೀನರ್ ಏನಲೇ?" ಎಂದು ಬೈಯುತ್ತಲೇ ಹತ್ತಿದ. ಹುಮನಾಬಾದಿನಲ್ಲಿ ಪುಣೆ–ಹೈದರಾಬಾದ್ ಹೆದ್ದಾರಿ ಸೇರುತ್ತದೆ. ಆ ಲಾರಿಗಳ ನಡುವೆ ಈ ಆಟ ಬೇಡ. ನಾವು ಊರ ಹೊರಗೇ ಇಂಜಿನ್ ಬಂದ್ ಮಾಡಿ ತಳ್ಳಿಕೊಂಡು ಹೋದೆವು.

ಮಿಸ್ತ್ರಿ ಹತ್ತಿರ ನಮ್ಮ ಗಾಡಿಯ ವೈರು ಇರಲಿಲ್ಲ. ತರಿಸಬೇಕು, ಎರಡು ತಾಸು ಆಗ್ತದ ಎಂದ. ಕೂತು ಏನು ಮಾಡೋದು? ಟಂಟಂ (ಶೇರ್ ಆಟೋ) ಹತ್ತಿ ಜಲಸಂಗವಿಗೆ ಹೋದೆವು. ನಮ್ಮ ಪಟ್ಟಿಯಲ್ಲಿ ಆ ಊರೇ ಇರಲಿಲ್ಲ. ಅಲ್ಲಿನ ಕಲ್ಯಾಣ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯ ತುಂಬ ಮದನಿಕೆಯರು. ಒಬ್ಬಳು ಬೆನ್ನು ತಿರುಗಿಸಿ, ಸೊಂಟ ಬಾಗಿಸಿ, ಕೈಯೆತ್ತಿ ಹಲಗೆಯ ಮೇಲೆ ಬರೆಯುತ್ತಿದ್ದಾಳೆ. ಹತ್ತಿರ ಹೋದರೆ ಆ ಹಲಗೆಯಲ್ಲಿ ನಿಜವಾಗಿ ಅಕ್ಷರಗಳಿವೆ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಸಾಲು ಅದು. ರಾಜನ ಹೊಗಳಿಕೆಯನ್ನು ಶಿಲ್ಪಿ ಹುಡುಗಿಯ ಕೈಲಿ ಬರೆಸಿದ್ದಾನೆ. ದೋಸ್ತ ಫೋಟೋ ತೆಗೆಯುವುದು ಬಿಟ್ಟು ಅವಳ ಬೆರಳನ್ನೇ ನೋಡುತ್ತ ನಿಂತ. ಬೀದರ್ ಕೋಟೆಗಿಂತ ನನಗೆ ಇದೇ ಹೆಚ್ಚು ಹಿಡಿಸಿತು.

ತಿರುಗಿ ಬರುವಷ್ಟರಲ್ಲಿ ಹೊಸ ವೈರು ಹಾಕಿಯಾಗಿತ್ತು. ಮಡ್‌ಗಾರ್ಡನ್ನೂ ಮಿಸ್ತ್ರಿ ಕೂಡಿಸಿದ್ದ, ಸುಮ್ಮನೆ ಅಲ್ಲ, ಬೋಲ್ಟಿನ ಕೆಳಗೆ ವಾಷರ್ ಕೊಟ್ಟು ಒಂದು ಬೆರಳಷ್ಟು ಎತ್ತರಿಸಿ. "ಎರಿ ಮಣ್ಣಿನ್ಯಾಗ ತಿರಗವ್ರಿಗಿ ಹಿಂಗ ಇರಬೇಕು" ಎಂದ. ಇನ್ನೊಂದು ಹೊಸ ವೈರನ್ನು ಹಳೆಯದರ ದಾರಿಯಲ್ಲೇ ಹಾಯಿಸಿ ಟೇಪಿನಿಂದ ಕಟ್ಟಿಕೊಟ್ಟ. ಮುಂದೆ ಕಡಿದರೆ ಎರಡು ತುದಿ ಸಿಕ್ಕಿಸಿದರೆ ಸಾಕು. ದೂರ ಹೋಗುವವರೆಲ್ಲ ಮಾಡಿಸಿಕೊಳ್ಳಬೇಕಾದ ಕೆಲಸ.

ಬೀದರ್ ಹತ್ತಿರವಾದಂತೆ ಮಣ್ಣು ಕೆಂಪಾಗುತ್ತದೆ. ಊರು ಕೂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಮಳೆ ಬಿದ್ದರೂ ನೀರು ಬೇಗ ಇಂಗುತ್ತದೆ, ಗಾಡಿ ಪಕ್ಕಕ್ಕೆ ಇಳಿಸಿದರೂ ಗಾಲಿ ಹೂಳುವುದಿಲ್ಲ. ನೌಬಾದ್ ಕಡೆ ಬಹಮನಿಯರ ಕಾಲದಲ್ಲಿ ನೆಲದಡಿ ನೀರಿನ ಸುರಂಗ, ಅದೇ ಕರೇಜ್, ಕೊರೆದದ್ದೂ ಈ ಕಲ್ಲಿನಲ್ಲೇ.

ಬೀದರ್ ಪಕ್ಕದ ಅಷ್ಟೂರಿನಲ್ಲಿ, ಬಹಮನಿ ಸುಲ್ತಾನರ ಗೋರಿಗಳ ಹತ್ತಿರ ಮತ್ತೆ ಮಳೆ ಹಿಡಿಯಿತು. ಓಡಿ ನಿಂತದ್ದು ಎಲ್ಲಿ ಅಂತೀರಿ? ಹುಮಾಯೂನ್ ಶಾಹನ ಗೋರಿಯ ಕೆಳಗೆ. 1461ರಲ್ಲಿ ಸತ್ತ, ಕ್ರೂರಿ ಎಂದು ಹೆಸರಾದ ಸುಲ್ತಾನ. ಗುಮ್ಮಟ ಅರ್ಧ ಸೀಳಿ ಬಿದ್ದು, ಗೋಡೆಯ ದಪ್ಪವೆಲ್ಲ ಹೊರಗೆ ಕಾಣುತ್ತದೆ. ಸಿಡಿಲು ಬಡಿದು ಹೀಗಾಯಿತು ಎನ್ನುತ್ತಾರೆ. ಇದನ್ನು ನಾನು ಹೇಳುತ್ತಿದ್ದಂತೆ ಗುಡುಗಿತು. ದೋಸ್ತ ಮಳೆಯಲ್ಲೇ ಓಡಿ ಅಹ್ಮದ್ ಶಾಹನ ಗೋರಿ ಸೇರಿದ. ಒಳಗೆ ಗುಮ್ಮಟದ ತುಂಬ ಬಣ್ಣದ ಚಿತ್ತಾರ. ಲಾಭವೇ ಆಯಿತು.

ಸಂಜೆ ನಾನಕ್ ಝೀರಾ ಗುರುದ್ವಾರ. ಚಪ್ಪಲಿ ಇಸ್ಕೊಳ್ಳುವ ಜಾಗದಲ್ಲಿ ನಮಗೆ ಸಂಕೋಚ, ಅರ್ಧ ಕಮಲಾಪುರದ ಹೊಲ ಅದರಲ್ಲೇ ಇತ್ತು. ಅಲ್ಲಿದ್ದ ಹಿರಿಯರು ಏನೂ ಅನ್ನದೆ ಎರಡೂ ಕೈಯಲ್ಲಿ ತಗೊಂಡು ಟೋಕನ್ ಕೊಟ್ಟರು. ತಲೆ ಮುಚ್ಚಿಕೊಳ್ಳಬೇಕು, ಕರ್ಚೀಫ್ ಇರಲಿ. ಲಂಗರಿನ (ಗುರುದ್ವಾರದ ಉಚಿತ ಊಟ) ಬಿಸಿ ದಾಲ್, ರೊಟ್ಟಿ ಯಾರಿಗೂ ಇಲ್ಲ ಅನ್ನುವುದಿಲ್ಲ.

ವಾಪಸ್ ಬರುವಾಗ ಡಾಂಬರು ಬಿಡಲಿಲ್ಲ. ಊರಿಗೆ ಬಂದ ಕೂಡಲೇ ವಾಟರ್ ವಾಶ್ ಮಾಡಿಸಿದೆ, ಆದರೂ ಇಂಜಿನ್ನಿನ ಸಂದಿಯ ಮಣ್ಣು ಬಿಸಿಗೆ ಬೆಂದು ಕಲ್ಲಾಗಿತ್ತು. ಗೋಣಿಚೀಲ ಒದ್ದೆ ಮಾಡಿ ರಾತ್ರಿಯಿಡೀ ಸುತ್ತಿಟ್ಟು, ಬೆಳಿಗ್ಗೆ ಹಳೇ ಬ್ರಶ್‌ನಿಂದ ತಿಕ್ಕಿದಾಗ ಬಿಟ್ಟಿತು. ಚೈನ್ ಕವರ್ ಬಿಚ್ಚಿ ತೊಳೆದು, ಒಣಗಿಸಿ, ಎಣ್ಣೆ ಬಿಡುವುದನ್ನು ಮಾತ್ರ ತಡ ಮಾಡಬೇಡಿ.