ಮ್ಯೂನಿಕ್‌ನ 72 ಸಾವಿರ ಬಿಟ್ಟು ಲೈಪ್‌ಜಿಗ್‌ನ 60 ಸಾವಿರ ಹಿಡಿದ ಲೆಕ್ಕ

2024ರಲ್ಲಿ ನನ್ನ ಕೈಯಲ್ಲಿ ಜರ್ಮನಿಯ ಎರಡು ಕೆಲಸದ ಆಫರ್ ಇದ್ದವು. ಮ್ಯೂನಿಕ್‌ನದು ವರ್ಷಕ್ಕೆ 72,000 ಯೂರೋ, ಲೈಪ್‌ಜಿಗ್‌ನದು 60,000. ನಾನು ಲೈಪ್‌ಜಿಗ್ ಅಂದಾಗ ಜೊತೆಯವರೆಲ್ಲ ನಕ್ಕರು. ಮೊದಲೇ ಜರ್ಮನಿ ಸೇರಿದ್ದ ಗೆಳೆಯನೊಬ್ಬ, "ದುಡಿಯೋನು ಒಬ್ಬ, ತಿನ್ನೋರು ಮೂರು ಜನ. ಅದರಲ್ಲೂ ಕಮ್ಮಿ ಸಂಬಳ ಆರಿಸ್ಕೊಳ್ತೀಯಲ್ಲೋ ಮಾರಾಯ" ಅಂದ. ವರ್ಷ ಕಳೆದ ಮೇಲೆ ಅವನೇ ನನ್ನ ಎಕ್ಸೆಲ್ ಶೀಟ್ ಕೇಳಿದ. ಶೀಟ್ ಕೊಡಲಿಲ್ಲ, ಲೆಕ್ಕ ಹೇಳಿಕೊಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬ್ಲೂ ಕಾರ್ಡ್ (ಕೆಲಸದ ಪರವಾನಗಿ) ಅಂದರೇನು, ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಹೇಗೆ ಅನ್ನುವುದೆಲ್ಲ ಇಲ್ಲಿ ಬೇಡ, ಬಿಡಿ.

ಮೊದಲು ಕೆಲಸಕ್ಕೆ ಬಾರದ ದಾರಿಗಳು. ಎಲ್ಲವನ್ನೂ (ಆಗಿನ ದರದಂತೆ) 90ರಿಂದ ಗುಣಿಸಿ ರೂಪಾಯಿಗೆ ತಂದು ನೋಡುವುದು ಒಂದು. ಸಂಬಳ ಗುಣಿಸಿದಾಗ ರಾಜ ಆಗುತ್ತೀರಿ, ಕ್ಷೌರದ ಬಿಲ್ ಗುಣಿಸಿದಾಗ ಭಿಕ್ಷುಕ ಆಗುತ್ತೀರಿ. ಎರಡರಿಂದಲೂ ತೀರ್ಮಾನಕ್ಕೆ ಬರಲಾಗದು. ಇನ್ನೊಂದು, ಊರು ಊರನ್ನು ಹೋಲಿಸುವ ವೆಬ್‌ಸೈಟ್‌ಗಳ ಸೂಚ್ಯಂಕ. ಅದರಲ್ಲಿ ಹೋಟೆಲ್ ಊಟ, ಜಿಮ್, ಟ್ಯಾಕ್ಸಿ ಎಲ್ಲ ಸೇರಿರುತ್ತವೆ. ನಾನು ಜಿಮ್‌ಗೆ ಹೋಗುವವನಲ್ಲ, ಹೊಸದಾಗಿ ಹೋದವನು ಟ್ಯಾಕ್ಸಿ ಹತ್ತುವುದೂ ಇಲ್ಲ.

ನಾನು ಹಿಡಿದದ್ದು ಒಂದೇ ಸಂಖ್ಯೆ: ಕೈಗೆ ಬರುವ ಸಂಬಳದಿಂದ ವಾರ್ಮ್‌ಮೀಟೆ (ಹೀಟಿಂಗ್, ನಿರ್ವಹಣೆ ಖರ್ಚು ಸೇರಿದ ಬಾಡಿಗೆ) ಕಳೆದು ಉಳಿಯುವುದೆಷ್ಟು. ಮಿಕ್ಕ ಖರ್ಚು ಎರಡೂ ಊರಿನಲ್ಲಿ ಹೆಚ್ಚುಕಮ್ಮಿ ಒಂದೇ. ಸೂಪರ್‌ಮಾರ್ಕೆಟ್ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ರೇಡಿಯೋ-ಟಿವಿ ಶುಲ್ಕ ಮನೆಗೆ ತಿಂಗಳಿಗೆ 18.36 ಯೂರೋ ಎಲ್ಲೆಡೆ ಒಂದೇ, ಡಾಯ್ಚ್‌ಲಾಂಡ್ ಟಿಕೆಟ್ (ದೇಶದೆಲ್ಲೆಡೆ ಸ್ಥಳೀಯ ಬಸ್ಸು, ರೈಲಿಗೆ ನಡೆಯುವ ತಿಂಗಳ ಪಾಸು) ಕೂಡ ಆಗ ಎಲ್ಲೆಡೆ 49 (2025ರಲ್ಲಿ 58 ಆಯಿತು).

ತೆರಿಗೆ ಕ್ಲಾಸ್ 3 (ದಂಪತಿಯಲ್ಲಿ ಒಬ್ಬರೇ ದುಡಿಯುವಾಗ ಸಂಬಳದಿಂದ ಕಮ್ಮಿ ತೆರಿಗೆ ಹಿಡಿಯುವ ವರ್ಗ), ಒಂದು ಮಗು ಅಂತ ಹಾಕಿದರೆ ಮ್ಯೂನಿಕ್ ಸಂಬಳ ಕೈಗೆ ಸುಮಾರು 4,150 ಬರುತ್ತಿತ್ತು, ಲೈಪ್‌ಜಿಗ್‌ನದು 3,500. ಅಂದರೆ ತಿಂಗಳಿಗೆ 1,000 ಯೂರೋ ಅಂತರ ಕೈಗೆ ಬರುವ ಹೊತ್ತಿಗೆ 650ಕ್ಕೆ ಇಳಿದಿತ್ತು. ಲೈಪ್‌ಜಿಗ್ ಸಾಕ್ಸನಿ ರಾಜ್ಯದಲ್ಲಿದೆ; ಅಲ್ಲಿ ಸಂಬಳದಿಂದ ಹಿಡಿಯುವ ಆರೈಕೆ ವಿಮೆಯಲ್ಲಿ (ಮುಪ್ಪು, ಕಾಯಿಲೆಯಲ್ಲಿ ನೋಡಿಕೊಳ್ಳುವುದಕ್ಕೆ) ನೌಕರನ ಪಾಲು ಶೇ. 0.5 ಜಾಸ್ತಿ. ಉಳಿದ ರಾಜ್ಯಗಳು ಈ ವಿಮೆಯ ಹೊರೆ ತೂಗಿಸಲು ಒಂದು ಸರ್ಕಾರಿ ರಜೆ ಬಿಟ್ಟುಕೊಟ್ಟವು, ಸಾಕ್ಸನಿ ರಜೆ ಉಳಿಸಿಕೊಂಡಿತು. ನನ್ನ ಲೆಕ್ಕದಲ್ಲಿ ಆ ರಜೆಯ ಬೆಲೆ ತಿಂಗಳಿಗೆ 25 ಯೂರೋ. ನವೆಂಬರ್‌ನ ಆ ಬುಧವಾರ ನಾನು ಹಟ ಹಿಡಿದು ಮಲಗುತ್ತೇನೆ.

ಇನ್ನು ಬಾಡಿಗೆ. ಸುಮಾರು 65 ಚದರ ಮೀಟರ್ ಮನೆಗೆ ಆಗ ನಾನು ನೋಡಿದ ಜಾಹೀರಾತುಗಳಲ್ಲಿ ಮ್ಯೂನಿಕ್‌ನಲ್ಲಿ ವಾರ್ಮ್ 1,700 ದಾಟುತ್ತಿತ್ತು, ಲೈಪ್‌ಜಿಗ್‌ನಲ್ಲಿ 850. ಹೀಗೆ ಕಮ್ಮಿ ಸಂಬಳದ ಊರಿನಲ್ಲಿ ತಿಂಗಳಿಗೆ 200 ಯೂರೋ ಹೆಚ್ಚು ಉಳಿಯುತ್ತದೆ. ಡಿಪಾಸಿಟ್‌ನಲ್ಲೂ ಅಷ್ಟೇ: ಮೂರು ತಿಂಗಳ ಕಾಲ್ಟ್‌ಮೀಟೆ (ಬೇರೆ ಖರ್ಚು ಸೇರದ ಬರೀ ಬಾಡಿಗೆ) ಅಂದರೆ ಅಲ್ಲಿ 4,300ರ ಮೇಲೆ, ಇಲ್ಲಿ 1,900ರೊಳಗೆ. ಕಾನೂನಿನ ಪ್ರಕಾರ ಅದನ್ನು ಮೂರು ಕಂತಿನಲ್ಲಿ ಕೊಡಬಹುದು. ಮಾಲೀಕರು ಮುಖ ಗಂಟಿಕ್ಕುತ್ತಾರೆ, ಆದರೂ ಕೇಳಿ. ಮನೆ ಹೇಗೆ ಹಿಡಿದೆ ಅಂತ ಮಾತ್ರ ಕೇಳಬೇಡಿ. ಅದನ್ನು ಹೇಳಿದರೆ ಮುಂದಿನ ಮನೆ ನನಗೇ ಸಿಗುವುದಿಲ್ಲ.

ದುಡ್ಡು ಸೋರಿದ್ದು ಮೊದಲ ಕೆಲವು ತಿಂಗಳಲ್ಲಿ. ಫರ್ನಿಶ್ಡ್ ತಾತ್ಕಾಲಿಕ ಮನೆಗೆ ತಿಂಗಳಿಗೆ 1,400 ತೆತ್ತೆ. ಎರಡು ತಿಂಗಳಲ್ಲಿ ಮುಗಿಯಬೇಕಾದದ್ದು ಎಳೆದುಕೊಂಡು ಹೋಯಿತು. ಸ್ವಂತ ಬಾಡಿಗೆ ಮನೆ ಸಿಕ್ಕಾಗ ಅಡುಗೆಮನೆಯಲ್ಲಿ ನಲ್ಲಿಯ ಪೈಪು ಬಿಟ್ಟರೆ ಏನೂ ಇರಲಿಲ್ಲ. ಸಿಂಕು, ಒಲೆ, ಕಪಾಟು ಎಲ್ಲ ನಾವೇ ತರಬೇಕು. ಹಿಂದಿನ ಬಾಡಿಗೆದಾರ ತನ್ನದನ್ನು 2,500ಕ್ಕೆ ಕೊಡುತ್ತೇನೆ ಅಂದ. ನಾನು ಬಿಟ್ಟು ಸೆಕೆಂಡ್ ಹ್ಯಾಂಡ್ ತಂದೆ, ಸಾಗಣೆ, ಜೋಡಣೆ ಸೇರಿ 1,100 ಆಯಿತು. ಇಂಥದ್ದನ್ನೆಲ್ಲ ತಿಂಗಳ ಖರ್ಚಿನ ಶೀಟಿಗೆ ತರಬೇಡಿ. ಮೊದಲ ಮೂರು ತಿಂಗಳಿಗೆ ಬೇರೆಯೇ ಹುಂಡಿ ಇಡಿ. ನಾನು 9,000 ಇಟ್ಟಿದ್ದೆ, ಹೆಚ್ಚುಕಮ್ಮಿ ಪೂರ್ತಿ ಖಾಲಿಯಾಯಿತು.

ಆ ಹುಂಡಿಯ ದುಡ್ಡು ಸಾಗಿಸಿದ ಬಗೆ: ಆಗ ಒಬ್ಬರ ಹೆಸರಿನಲ್ಲಿ ವರ್ಷಕ್ಕೆ 7 ಲಕ್ಷ ರೂಪಾಯಿ ದಾಟಿದರೆ ದಾಟಿದ್ದಕ್ಕೆ ಶೇ. 20 ಟಿಸಿಎಸ್ (ವಿದೇಶಕ್ಕೆ ಹಣ ಕಳಿಸುವಾಗಲೇ ಮುಂಗಡವಾಗಿ ಕಡಿಯುವ ತೆರಿಗೆ) ಹಿಡಿಯುತ್ತಿದ್ದರು (2025ರ ಏಪ್ರಿಲ್‌ನಿಂದ ಮಿತಿ 10 ಲಕ್ಷ). ರಿಟರ್ನ್ ಹಾಕಿದರೆ ಅದು ವಾಪಸ್ ಬರುತ್ತದೆ, ಆದರೆ ಬೇಕಾದ ಹೊತ್ತಿಗೆ ಕೈಯಲ್ಲಿರುವುದಿಲ್ಲ. ಮಿತಿ ತಲೆಗೊಂದು. ಆದ್ದರಿಂದ ಅರ್ಧ ನನ್ನ ಹೆಸರಿನಲ್ಲಿ, ಅರ್ಧ ಹೆಂಡತಿಯ ಹೆಸರಿನಲ್ಲಿ ಹೋಯಿತು. "ಶುಲ್ಕ ಇಲ್ಲ" ಅನ್ನುವವರ ವಿನಿಮಯ ದರವನ್ನು ಮಾರುಕಟ್ಟೆ ದರದ ಪಕ್ಕ ಇಟ್ಟು ನೋಡಿ, ಶುಲ್ಕ ಎಲ್ಲಿ ಅಡಗಿದೆ ಅಂತ ತಿಳಿಯುತ್ತದೆ.

ದಿನಸಿಯ ಅಂದಾಜಿಗೆ ಒಂದು ಪ್ರಯೋಗ ಮಾಡಿದೆ. ಹೊರಡುವ ಮೊದಲೇ ಅಲ್ಲಿನ ಸೂಪರ್‌ಮಾರ್ಕೆಟ್‌ನ ಆನ್‌ಲೈನ್ ಅಂಗಡಿಯಲ್ಲಿ ಪಿನ್‌ಕೋಡ್ ಹಾಕಿ ತಿಂಗಳ ಸಾಮಾನಿನ ಬುಟ್ಟಿ ತುಂಬಿಸಿ, ದುಡ್ಡು ಕಟ್ಟದೆ ಮೊತ್ತ ಮಾತ್ರ ಬರೆದುಕೊಂಡೆ. 380 ಬಂತು. ನಿಜವಾಗಿ 430ರ ಹತ್ತಿರ ಆಗುತ್ತಿದೆ. ಖಾಲಿ ಬಾಟಲಿ ಮರಳಿಸಿದಾಗ ಅದರ ಡಿಪಾಸಿಟ್ 25 ಸೆಂಟ್‌ನಂತೆ ವಾಪಸ್ ಬರುವುದನ್ನೂ ಒಂದು ತಿಂಗಳು ಬರೆದಿಟ್ಟೆ. ಅದರಿಂದ ಪ್ರಯೋಜನವಾಗಲಿಲ್ಲ, ಮಗನಿಗೆ ಎಣಿಕೆ ಬಂತು.

ನನಗೆ ಹೆಮ್ಮೆ ಇರುವುದು ತೆರಿಗೆ ವಿಷಯದಲ್ಲಿ. ಮೇ ತಿಂಗಳಲ್ಲಿ ಒಬ್ಬನೇ ಹೋದೆ. ಕುಟುಂಬ ಭಾರತದಲ್ಲಿದ್ದಷ್ಟು ದಿನ ಕ್ಲಾಸ್ 1 (ಒಂಟಿಯವರ ತೆರಿಗೆ ವರ್ಗ), ಕೈಗೆ 3,100 ಚಿಲ್ಲರೆ. ಹೆಂಡತಿ ಮಗನನ್ನು ಜನವರಿಯಲ್ಲಿ ಕರೆಸಿಕೊ, ಚಳಿಗಾಲದ ವಿಮಾನ ಟಿಕೆಟ್ ಯಾಕೆ ಅಂದವರೇ ಹೆಚ್ಚು. ನಾನು ನವೆಂಬರ್‌ನಲ್ಲೇ ಕರೆಸಿ ನೋಂದಣಿ ಮಾಡಿಸಿದೆ. ಗಂಡ ಹೆಂಡತಿ ಇಬ್ಬರೂ ಡಿಸೆಂಬರ್ 31ರೊಳಗೆ ಅಲ್ಲಿನ ನಿವಾಸಿಗಳಾದರೆ ಆ ಇಡೀ ವರ್ಷಕ್ಕೆ ಜಂಟಿ ರಿಟರ್ನ್ ಹಾಕಬಹುದು. ಭಾರತದಲ್ಲಿ ಆ ವರ್ಷ ದುಡಿದದ್ದನ್ನೂ ತೋರಿಸಬೇಕು. ಅದಕ್ಕೆ ನೇರ ತೆರಿಗೆ ಇಲ್ಲ, ದರ ಮಾತ್ರ ಸ್ವಲ್ಪ ಏರುತ್ತದೆ. ಅಷ್ಟಾದರೂ 3,000 ಯೂರೋ ಮೇಲೆ ವಾಪಸ್ ಬಂತು. ಟಿಕೆಟ್ ದುಡ್ಡು ಹುಟ್ಟಿ, ಅಡುಗೆಮನೆಯದೂ ಹುಟ್ಟಿತು. ರಿಟರ್ನ್‌ನಲ್ಲಿ ಸ್ಥಳಾಂತರದ ಖರ್ಚನ್ನು ಯಾವ ಕ್ರಮದಲ್ಲಿ ತೋರಿಸಿದೆ ಅನ್ನುವುದು ನನ್ನಲ್ಲೇ ಇರಲಿ.

ಕಿಂಡರ್‌ಗೆಲ್ಡ್ (ಮಗುವಿಗಾಗಿ ಸರ್ಕಾರ ಕೊಡುವ ಭತ್ಯೆ, ಆಗ ತಿಂಗಳಿಗೆ 250) ನಾನು ಆದಾಯಕ್ಕೆ ಸೇರಿಸಲೇ ಇಲ್ಲ. ಅರ್ಜಿ ತಡವಾದರೆ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ, ಅಷ್ಟು ನೆನಪಿರಲಿ. ಆ ದುಡ್ಡು ನೇಬೆನ್‌ಕೋಸ್ಟೆನ್ (ಹೀಟಿಂಗ್, ನೀರಿನಂಥ ಮನೆಯ ಹೆಚ್ಚುವರಿ ಖರ್ಚು) ಬಾಕಿಗೆ ಮೀಸಲು. ಲೆಕ್ಕದ ವರ್ಷ ಮುಗಿದು ಹನ್ನೆರಡು ತಿಂಗಳವರೆಗೂ ಮಾಲೀಕರು ಆ ಬಿಲ್ ಕಳಿಸಬಹುದು. ನನಗೆ ಬಂದದ್ದು 400ರ ಆಸುಪಾಸು, ಹೀಟಿಂಗ್ ಕೃಪೆ.

ಮ್ಯೂನಿಕ್ ಕಡೆಯಿಂದ ಈಗಲೂ ಕರೆ ಬರುತ್ತವೆ. ನನ್ನ ಹಳೆಯ ಲೆಕ್ಕದಲ್ಲೇ ಸರಿಸಮವಾಗಲು ಸುಮಾರು 76,000 ಬೇಕಿತ್ತು, ಈಚೆಗೆ ಇಲ್ಲಿ ಸಂಬಳ ಏರಿದ್ದರಿಂದ 80 ದಾಟಿದೆ. ಕಳೆದ ವಾರ ಕರೆ ಮಾಡಿದವರು 74 ಅಂದರು. ಬಾಡಿಗೆ ಎಷ್ಟಿದೆ ಅಂತ ಅವರನ್ನೇ ಕೇಳಿದೆ.