ಮರೆವಿನ ಹಿರಿಯರ ತೊಡೆಗೊಂದು ಪುಟ್ಟ ಕೌದಿ

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಹಲವರ ಕೈ ಸುಮ್ಮನಿರುವುದಿಲ್ಲ. ಸೆರಗಿನ ಅಂಚು ಮಡಚುತ್ತಾರೆ, ಮತ್ತೆ ಬಿಚ್ಚುತ್ತಾರೆ, ಅಂಗಿಯ ಗುಂಡಿ ಕೀಳುತ್ತಾರೆ, ಕೈಗೆ ಹಾಕಿದ ಬ್ಯಾಂಡೇಜನ್ನೂ ಬಿಡುವುದಿಲ್ಲ. ಆ ಕೈಗೆ ಬೇರೆ ಕೆಲಸ ಕೊಡಲೆಂದೇ ಈ ಕೌದಿ. ಹಳೇ ಸೀರೆಯಲ್ಲಿ ಉತ್ತರ ಕರ್ನಾಟಕದ ಕೌದಿ ಹೊಲಿದು ರೂಢಿ ಇದ್ದವರಿಗೆ ಅರ್ಧ ಕೆಲಸ ಆಗಲೇ ಗೊತ್ತು.

ಅಳತೆ 18 ಇಂಚಿನ ಚೌಕ. ಅದಕ್ಕಿಂತ ಅಗಲವಾದರೆ ಗಾಲಿಕುರ್ಚಿಯ ಚಕ್ರಕ್ಕೆ ಸಿಕ್ಕುತ್ತದೆ. 7 ಇಂಚಿನ ಒಂಬತ್ತು ಚೌಕ ತುಂಡು ಕತ್ತರಿಸಿ. ನಾಲ್ಕೂ ಬದಿ ಅರ್ಧ ಇಂಚು ಹೊಲಿಗೆಗೆ ಹೋದರೆ 6 ಇಂಚು ಉಳಿಯುತ್ತದೆ. ಬಟ್ಟೆಯನ್ನು ಮೊದಲೇ ಒಗೆದಿರಬೇಕು. ಹೊಸ ಖಾದಿ ಮೊದಲ ಒಗೆತಕ್ಕೇ ಕುಗ್ಗಿ ಇಡೀ ಕೌದಿಯನ್ನು ಸುರುಟಿಸಿಬಿಡುತ್ತದೆ.

ನಾಲ್ಕು ತುಂಡು ಬರೀ ಸ್ಪರ್ಶಕ್ಕೆ ಇರಲಿ: ಟರ್ಕಿ ಟವೆಲ್, ವೆಲ್ವೆಟ್, ಕಾರ್ಡುರಾಯ್, ಒಗೆದೊಗೆದು ಮೆತ್ತಗಾದ ಹತ್ತಿ ಸೀರೆ. ಜರಿ ಅಂಚು ನೋಡಲು ಚಂದ, ಆದರೆ ವಯಸ್ಸಾದವರ ತೆಳು ಚರ್ಮ ಗೀರುತ್ತದೆ. ಸಣ್ಣ ಚುಕ್ಕಿಯ ಬಟ್ಟೆಯೂ ಬೇಡ, ಇರುವೆಯೆಂದು ತಿಳಿದು ಹೆಕ್ಕುತ್ತ ಕೂರುತ್ತಾರೆ. ಅಚ್ಚ ಕಪ್ಪು ತುಂಡು ಕೆಲವರಿಗೆ ತೂತಿನಂತೆ ಕಾಣುತ್ತದೆ. ಮಕ್ಕಳ ಕಾರ್ಟೂನ್ ಬಟ್ಟೆಯಂತೂ ಬೇಡವೇ ಬೇಡ. ಅದು ಹಿರಿಯರಿಗೆ ಮಾಡುವ ಅವಮಾನ.

ಉಳಿದ ಐದರಲ್ಲಿ ಏನಿರಬೇಕೆಂಬುದನ್ನು ಆ ಕೈ ಮೊದಲು ಏನು ಮಾಡುತ್ತಿತ್ತು ಎಂದು ಕೇಳಿಯೇ ತೀರ್ಮಾನಿಸಬೇಕು. ಎಲೆ ಅಡಿಕೆ ಹಾಕುತ್ತಿದ್ದವರಿಗೆ ಚಂಚಿಯಂಥ ಜೇಬು. ಜಡೆ ಹೆಣೆಯುತ್ತಿದ್ದವರಿಗೆ ಬಟ್ಟೆಯ ಮೂರೆಳೆ ಜಡೆ, ಎರಡೂ ತುದಿ ಬಿಗಿಯಾಗಿ ಹೊಲಿದು. ದರ್ಜಿಯಾಗಿದ್ದವರಿಗೆ ಟೇಪಿನ ತುಂಡು. ಸೆರಗಿನ ಗಂಟಿನಲ್ಲಿ ದುಡ್ಡು ಕಟ್ಟುತ್ತಿದ್ದ ಅಜ್ಜಿಗೆ ನಾಲ್ಕೂ ಕಡೆ ಹೊಲಿದು ಮುಚ್ಚಿದ ಪುಟ್ಟ ಜೇಬಿನೊಳಗೊಂದು ನಾಣ್ಯ. ಬೆರಳಿಗೆ ಅಂಚು ಸಿಕ್ಕರೆ ಸಾಕು. 5 ಇಂಚಿನ ಪ್ಲಾಸ್ಟಿಕ್ ಜಿಪ್ ಬಹುತೇಕ ಎಲ್ಲರಿಗೂ ಹಿಡಿಸುತ್ತದೆ. ಅದರ ಎರಡೂ ತುದಿಯನ್ನು ಬಟ್ಟೆಯಿಂದ ಮುಚ್ಚಿ ಹೊಲಿಯಿರಿ, ಎಳೆಯುವ ನಾಲಿಗೆಗೆ ಎರಡಿಂಚಿನ ಬಟ್ಟೆ ಬಾಲ ಕಟ್ಟಿ.

ಹೆಚ್ಚು ಕೆಡುವುದು ಗುಂಡಿ. ಒಂದು ಇಂಚಿಗಿಂತ ದೊಡ್ಡದನ್ನೇ ಆರಿಸಿ. ತುಂಡಿನ ಹಿಂಬದಿಗೆ ಎರಡಿಂಚಿನ ದಪ್ಪ ಬಟ್ಟೆ ಇಟ್ಟು, ಗುಂಡಿಯ ಅಡಿಗೆ ಬೆಂಕಿಕಡ್ಡಿ ಸಿಕ್ಕಿಸಿ, ಜೋಡಿ ಎಳೆಯ ಪಾಲಿಯೆಸ್ಟರ್ ದಾರದಲ್ಲಿ ಆರೇಳು ಸಲ ಹೊಲಿಯಿರಿ. ಕಡ್ಡಿ ತೆಗೆದು, ಸಡಿಲಾದ ದಾರಕ್ಕೆ ಐದಾರು ಸುತ್ತು ಸುತ್ತಿ ಹಿಂದೆ ಗಂಟು ಹಾಕಿ. ದಾರದ ಈ ಕತ್ತು ಇಲ್ಲದಿದ್ದರೆ ಗುಂಡಿ ಕಾಜಿನೊಳಗೆ ಸಲೀಸಾಗಿ ಕೂರುವುದಿಲ್ಲ, ಅವರು ಜಗ್ಗುತ್ತಲೇ ಇರುತ್ತಾರೆ, ದಾರ ಹರಿಯುತ್ತದೆ. ಆಮೇಲೆ ಗುಂಡಿ ಬಾಯಿಗೆ ಹೋಗುತ್ತದೆ. ಇದೇ ಕಾರಣಕ್ಕೆ ಬಿಡಿ ಮಣಿ, ಪಿನ್ನು, ಅಯಸ್ಕಾಂತ ಯಾವುದೂ ಬೇಡ. ದಾರ, ಕುಣಿಕೆಗಳೂ ಬೇಡ, ಬೆರಳಿಗೆ ಸುತ್ತಿಕೊಂಡು ಬಿಗಿಯುತ್ತವೆ.

ವಸ್ತುಗಳನ್ನೆಲ್ಲ ತುಂಡುಗಳಿಗೆ ಹೊಲಿದಾದ ಮೇಲೆಯೇ ತುಂಡುಗಳನ್ನು ಜೋಡಿಸಬೇಕು. ಗುಂಡಿ ಹೊಲಿಯುವಾಗ ಅಂಚಿನಿಂದ ಒಂದೂವರೆ ಇಂಚು ಬಿಡದಿದ್ದರೆ ಮಷೀನಿನ ಪಾದ ಅದಕ್ಕೆ ತಾಗುತ್ತದೆ. ಒಳಗೆ ಹಳೇ ಸೀರೆಯ ಎರಡು ಪದರ ಸಾಕು, ಭಾರವಾದರೆ ತೊಡೆ ಬೇಯುತ್ತದೆ. ಹಿಂಬದಿಗೆ ಒರಟು ಹತ್ತಿ ಹಾಕಿ. ಸ್ಯಾಟಿನ್ ನೈಟಿಯ ಮೇಲೆ ಜಾರುತ್ತದೆ. ಮುಂಬದಿ, ಹಿಂಬದಿ ಮುಖಾಮುಖಿ ಇಟ್ಟು, ಸೀರೆ ಪದರಗಳನ್ನು ಮೇಲಿಟ್ಟು ಸುತ್ತ ಹೊಲಿಯುವಾಗ ಆರಿಂಚು ಬಾಯಿ ಬಿಡಿ. ಒಳಹೊರಗು ತಿರುಗಿಸಿ ಬಾಯಿ ಮುಚ್ಚಿ, ಕೊನೆಗೆ ಕೌದಿಯ ಕೈಹೊಲಿಗೆ ಹಾಕಿ. ಹೊಲಿಗೆ ಜೋಳದ ಕಾಳಿನಷ್ಟೇ ಇರಲಿ. ಉದ್ದವಾದರೆ ಉಗುರು ಸಿಕ್ಕಿ ಸಾಲಿಗೆ ಸಾಲೇ ಬಿಚ್ಚಿಹೋಗುತ್ತದೆ.

ಒಬ್ಬರಿಗೊಂದೇ ಕೌದಿ, ಹಿಂದೆ ಹೆಸರು ಹೊಲಿದು. ಕೈಯಿಂದ ಕೈಗೆ ಸೋಂಕು ಹರಡದಿರಲಿ. ಪ್ರತಿ ಒಗೆತದ ನಂತರ ಹೊಲಿದ ಒಂದೊಂದು ವಸ್ತುವನ್ನೂ ಜೋರಾಗಿ ಜಗ್ಗಿ ನೋಡಿ. ಯಾವ ತುಂಡು ಮೊದಲು ಸವೆಯಿತೋ, ಮುಂದಿನ ಕೌದಿಯಲ್ಲಿ ಅದನ್ನೇ ನಡುವೆ ಇಡಿ.